ಸದ್ದು, ಸ್ಪರ್ಶ, ತಿರುವು ಸಹಿಸದ ಪುಟ್ಟ ಮಕ್ಕಳು: ಕೊಡಗಿನ ಮನೆಗಳಿಗೊಂದು ಕೈಪಿಡಿ

ಕೊಡಗಿನಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಆಟಿಸಂ ಅಥವಾ ಅದರಂಥ ನರವಿಕಾಸದ (ಮಿದುಳು, ನರಗಳ ಬೆಳವಣಿಗೆಯ) ತೊಂದರೆಯಿರುವ ಮಕ್ಕಳ ಮನೆಗಳಲ್ಲಿ ಒಂದೇ ಬಗೆಯ ದೂರುಗಳು ಕೇಳಿಬರುತ್ತವೆ. ಬೇಸಿಗೆಯಲ್ಲಿ ಅಂಗನವಾಡಿಗೆ ನಗುತ್ತಾ ಹೋಗುತ್ತಿದ್ದ ಮಗು ಈಗ ಹೊಸ್ತಿಲು ದಾಟುವುದಿಲ್ಲ. ರೈನ್‌ಕೋಟ್ ತೊಡಿಸಲು ಹೋದರೆ ಕಚ್ಚುತ್ತದೆ. ತಗಡಿನ ಮಾಡಿನ ಮೇಲೆ ಮಳೆ ಬಿರುಸಾದ ಕೂಡಲೇ ಕಿವಿ ಮುಚ್ಚಿಕೊಂಡು ಮಂಚದ ಅಡಿ ಸೇರುತ್ತದೆ. ಊಟದ ತಟ್ಟೆಯನ್ನು ದೂಡುತ್ತದೆ. ನೆಂಟರು ಇದನ್ನು ಹಠವೆನ್ನುತ್ತಾರೆ, ಮುದ್ದು ಹೆಚ್ಚಾಯಿತೆನ್ನುತ್ತಾರೆ, ಕೆಲವರು ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತಾರೆ. ನಿವಾಳಿಸುವುದಕ್ಕೆ ನನ್ನ ತಕರಾರಿಲ್ಲ, ಆದರೆ ಸುಟ್ಟ ಮೆಣಸಿನ ಘಾಟು ಇಂಥ ಮಗುವಿಗೆ ಮತ್ತೊಂದು ಹಿಂಸೆಯಾಗುತ್ತದೆ ಎಂಬುದನ್ನು ಹೇಳದೆ ಇರಲಾರೆ.

ಎರಡರಿಂದ ಆರು ವರ್ಷದೊಳಗಿನ ಮಕ್ಕಳ ತಂದೆತಾಯಿಗಳನ್ನೂ ಅಜ್ಜಿ ತಾತಂದಿರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇದರಲ್ಲಿ ಹೇಳಿರುವ ಎಲ್ಲವೂ ಒಂದು ಕ್ರಮವನ್ನು ಅವಲಂಬಿಸಿದೆ: ಮೊದಲು ನೋಡಿ ಬರೆದಿಡಬೇಕು, ನಂತರ ಮಗುವಿನ ಸುತ್ತಲಿನ ಸದ್ದು, ಬೆಳಕು, ಬಟ್ಟೆ, ವಾಸನೆಗಳನ್ನು ಸರಿಪಡಿಸಬೇಕು, ಮಗುವಿಗೆ ಕಲಿಸುವ ಕೆಲಸ ಕೊನೆಗೆ ಬರಬೇಕು. ಹೆಚ್ಚಿನ ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಒಳಗೆ ನಡೆಯುತ್ತಿರುವುದೇನು?

ಶಾಲೆಯಲ್ಲಿ ಕಲಿತ ಪಂಚೇಂದ್ರಿಯಗಳಲ್ಲದೆ ಇನ್ನೂ ಮೂರು ಬಗೆಯ ಅರಿವು ನಮ್ಮೊಳಗಿದೆ. ಒಳಕಿವಿಯಲ್ಲಿರುವ ಅಂಗವು ತಲೆ ಯಾವ ಕಡೆ ಬಾಗಿದೆ, ದೇಹ ತಿರುಗುತ್ತಿದೆಯೇ ಎಂಬುದನ್ನು ತಿಳಿಸುತ್ತದೆ. ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿಯು ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಬೇಕು ಎಂಬುದನ್ನು ತಿಳಿಸುತ್ತದೆ. ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ನೋವು ಇವುಗಳನ್ನು ತಿಳಿಸುವ ಒಳಸಂವೇದನೆ ಮೂರನೆಯದು. ಈ ಎಲ್ಲ ದಾರಿಗಳಿಂದ ಬರುವ ಸುದ್ದಿಯಲ್ಲಿ ಮುಖ್ಯವಾದದ್ದನ್ನು ಉಳಿಸಿಕೊಂಡು ಉಳಿದದ್ದನ್ನು ಬದಿಗೊತ್ತುವುದು ಮಿದುಳಿನ ಕೆಲಸ. ಆ ಕೆಲಸ ಬೇರೆ ರೀತಿಯಲ್ಲಿ ನಡೆಯುವ ಮಕ್ಕಳಲ್ಲಿ ಕೆಲವರಿಗೆ ಸಣ್ಣ ಸುದ್ದಿಯೂ ಅತಿಯಾಗಿ ತಟ್ಟುತ್ತದೆ, ಕೆಲವರಿಗೆ ದೊಡ್ಡದೂ ತಟ್ಟುವುದಿಲ್ಲ, ಇನ್ನು ಕೆಲವರು ಸಾಲದೆಂಬಂತೆ ಹುಡುಕಿಕೊಂಡು ಹೋಗುತ್ತಾರೆ: ಸುಮ್ಮನೆ ಸುತ್ತುತ್ತಾರೆ, ಸೋಫಾದಿಂದ ಧುಮುಕುತ್ತಾರೆ, ಗೋಡೆ ನೆಕ್ಕುತ್ತಾರೆ. ಒಂದೇ ಮಗುವಿನಲ್ಲಿ ಮೂರೂ ಇರಬಹುದು. ಮಿಕ್ಸಿಯ ಸದ್ದಿಗೆ ಓಡಿಹೋಗುವ ಮಗು ಕಾಲಿಗೆ ಜಿಗಣೆ ಕಚ್ಚಿ ರಕ್ತ ಇಳಿಯುತ್ತಿದ್ದರೂ ತಿರುಗಿ ನೋಡದಿರುವುದು ಇದೇ ಕಾರಣಕ್ಕೆ.

ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದೈನಂದಿನ ಕೆಲಸಗಳನ್ನು ಮಾಡಲು ತರಬೇತಿ ಕೊಡುವ ಚಿಕಿತ್ಸಕಿ) ಎ. ಜೀನ್ ಏರ್ಸ್ 1960 ಮತ್ತು 1970ರ ದಶಕಗಳಲ್ಲಿ ಈ ವಿಚಾರಕ್ಕೆ ಒಂದು ಚೌಕಟ್ಟು ಕಟ್ಟಿಕೊಟ್ಟರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿಯಲ್ಲಿ, ಸಂವೇದನೆಗೆ ಅತಿಯಾಗಿ ಅಥವಾ ಕಡಿಮೆ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಲಾಯಿತು. ಆದರೆ ಸಂವೇದನಾ ಸಂಸ್ಕರಣೆಯ ತೊಂದರೆಯನ್ನು ಆ ಕೈಪಿಡಿ ಪ್ರತ್ಯೇಕ ಕಾಯಿಲೆಯೆಂದು ಒಪ್ಪಿಲ್ಲ. ಆದ್ದರಿಂದ ಯಾರಾದರೂ ನಿಮ್ಮ ಮಗುವಿಗೆ ಕೇವಲ ಈ ಹೆಸರನ್ನಷ್ಟೇ ಬರೆದುಕೊಟ್ಟು ಕಳುಹಿಸಿದರೆ, ಅದರ ಹಿಂದೆ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಬೌದ್ಧಿಕ ಬೆಳವಣಿಗೆಯ ಹಿನ್ನಡೆ ಅಥವಾ ಮಾತಿನ ತೊಂದರೆ ಇದೆಯೇ ಎಂದು ಪೂರ್ಣ ತಪಾಸಣೆ ಆಗಬೇಕೆಂದು ಕೇಳುವುದು ನಿಮ್ಮ ಹಕ್ಕು.

ಎಲ್ಲವನ್ನೂ ಸಂವೇದನೆಯ ತಲೆಗೆ ಕಟ್ಟಬೇಡಿ

ಕಿವಿ ಹಿಡಿದುಕೊಂಡು ಅಳುವ ಮಗುವಿಗೆ ಕಿವಿಯ ಸೋಂಕು ಇರಬಹುದು. ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗಿದ ಮಗುವಿಗೆ ಹಲ್ಲುನೋವು ಇರಬಹುದು, ಮಲಬದ್ಧತೆಯಿಂದ ಹೊಟ್ಟೆನೋವೂ ಇರಬಹುದು. ಮಣ್ಣು, ಸುಣ್ಣ ತಿನ್ನುವ ಮಗುವಿಗೆ ರಕ್ತಹೀನತೆಯ ಪರೀಕ್ಷೆ ಆಗಲೇಬೇಕು. ಹೆಸರು ಕರೆದರೆ ತಿರುಗದ ಮಗುವಿನ ಶ್ರವಣ ಪರೀಕ್ಷೆಯನ್ನು ಬೇರೆಲ್ಲದಕ್ಕಿಂತ ಮೊದಲು ಮಾಡಿಸಿ. ಎರಡು ಮಾತು ಆಡುತ್ತಿದ್ದ ಮಗು ಆ ಮಾತನ್ನೂ ಮರೆತರೆ, ಅಥವಾ ಕೆಲವು ಕ್ಷಣ ದಿಟ್ಟಿಸಿ ನಿಂತು ಕರೆದರೂ ಮುಟ್ಟಿದರೂ ಎಚ್ಚರಗೊಳ್ಳದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರ (ಮೂರ್ಛೆರೋಗ) ಇತರ ಮಕ್ಕಳಿಗಿಂತ ಹೆಚ್ಚಾಗಿ ಕಂಡುಬರುತ್ತದೆ.

ಕ್ಯಾಲೆಂಡರಿನಲ್ಲಿ ಬರೆದಿಡುವುದು

ದುಬಾರಿ ಪುಸ್ತಕವೇನೂ ಬೇಡ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದ್ದೇ ಇರುತ್ತದೆ, ಅದರ ಪಕ್ಕದಲ್ಲೊಂದು ಹಾಳೆ ನೇತುಹಾಕಿದರೆ ಸಾಕು. ಮಗು ಕೆರಳಿದಾಗಲೆಲ್ಲ ಐದು ಸಂಗತಿಗಳನ್ನು ದಾಖಲಿಸಿ: ಹೊತ್ತು, ಜಾಗ, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಎಷ್ಟು ಹೊತ್ತು ನಡೆಯಿತು, ಏನು ಮಾಡಿದಾಗ ತಣ್ಣಗಾಯಿತು. ಬರಹ ಹೀಗಿರಲಿ: “ಬೆಳಿಗ್ಗೆ ಎಂಟೂಕಾಲು, ಜಗಲಿ. ರಾತ್ರಿ ನಿದ್ದೆ ಕಡಿಮೆ. ಕರೆಂಟ್ ಹೋಗಿ ಪಕ್ಕದ ಮನೆಯ ಜನರೇಟರ್ ಶುರುವಾಗಿತ್ತು. ಒದ್ದೆ ಸಾಕ್ಸ್ ಹಾಕಿದೆ, ಬೂಟ್ ಒದ್ದ, ನೆಲಕ್ಕೆ ಬಿದ್ದು ಅತ್ತ. ಇಪ್ಪತ್ತು ನಿಮಿಷ. ಒಳಗಿನ ಕೋಣೆಯಲ್ಲಿ ಹಾಸಿಗೆ ಮೇಲೆ ಬೆನ್ನಿಗೆ ದಿಂಬು ಒತ್ತಿ ಹಿಡಿದಾಗ ನಿಂತಿತು.”

ಈ ಒಂದು ದಾಖಲೆಯಲ್ಲೇ ನಿದ್ದೆ, ಜನರೇಟರ್, ಸಾಕ್ಸ್ ಎಂಬ ಮೂರು ಸುಳಿವುಗಳಿವೆ, ಶಮನಗೊಳಿಸಿದ ಒಂದು ಉಪಾಯವೂ ಇದೆ. ಸಾಕ್ಸ್ ಒಂದೇ ಇದ್ದಿದ್ದರೆ ಮಗು ಬಹುಶಃ ಸಹಿಸಿಕೊಳ್ಳುತ್ತಿತ್ತು. ಸಂವೇದನೆಯ ಹೊರೆ ಅಡಿಕೆ ಮೂಟೆಯ ಹಾಗೆ ಒಂದರ ಮೇಲೊಂದು ಏರುತ್ತದೆ, ಕೊನೆಯ ಮೂಟೆಯನ್ನು ಮಾತ್ರ ನೋಡಿದವರಿಗೆ ಇಷ್ಟಕ್ಕೇ ಕುಸಿದುದೇಕೆಂದು ಆಶ್ಚರ್ಯವಾಗುತ್ತದೆ. ಎರಡು ವಾರ ಹೀಗೆ ಬರೆದರೆ ಮಗು ಎಡವುವ ಜಾಗಗಳು ಬಹುಪಾಲು ಗೋಚರಿಸುತ್ತವೆ. ಮಗು ಖುಷಿಯಾಗಿದ್ದ ಹೊತ್ತನ್ನೂ ಬರೆಯಿರಿ. ಯಾವ ಆಟದ ನಂತರ ಅದು ಶಾಂತವಾಗಿ ಕುಳಿತಿತು ಎಂಬುದು ಮುಂದೆ ಔಷಧದಷ್ಟೇ ಉಪಯೋಗಕ್ಕೆ ಬರುತ್ತದೆ.

ಮಳೆಯ ಸದ್ದು

ಮಡಿಕೇರಿಯ ಸುತ್ತಮುತ್ತ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತೋಟದ ಲೈನ್ ಮನೆಗಳಲ್ಲೂ ಹೊಸ ಮನೆಗಳ ಮೇಲಿನ ತಗಡಿನ ಹೊದಿಕೆಯಲ್ಲೂ ಆ ಸದ್ದು ದೊಡ್ಡವರಿಗೇ ಮಾತು ಕೇಳಿಸದಷ್ಟಿರುತ್ತದೆ. ಮಳೆಯನ್ನು ನಿಲ್ಲಿಸಲಾಗದು, ಆದರೆ ಮನೆಯೊಳಗೆ ಸದ್ದು ಎಲ್ಲಿ ಕಡಿಮೆ ಎಂಬುದನ್ನು ಮಳೆ ಬಿರುಸಾಗಿರುವಾಗ ನೀವೇ ಕೋಣೆಯಿಂದ ಕೋಣೆಗೆ ನಡೆದು ಕೇಳಿ ನೋಡಬಹುದು. ಅಟ್ಟವಿರುವ ಅಥವಾ ಮರದ ಸೀಲಿಂಗ್ ಇರುವ ಒಳಕೋಣೆ ಸಾಮಾನ್ಯವಾಗಿ ಉತ್ತಮ. ಅಲ್ಲಿ ಒಂದು ಮೂಲೆಯನ್ನು ಮಗುವಿಗೆ ಬಿಟ್ಟುಕೊಡಿ: ಮೇಜಿನ ಮೂರು ಬದಿಗೆ ದಪ್ಪ ಬೆಡ್‌ಶೀಟ್ ಇಳಿಬಿಟ್ಟು, ಒಳಗೆ ಹಳೆಯ ಹಾಸಿಗೆ, ಎರಡು ದಿಂಬು, ಇಷ್ಟದ ಒಂದೆರಡು ಸಾಮಾನು. ಗಾಳಿಯಾಡಬೇಕು, ಒಳಗಿರುವ ಮಗು ನಿಮ್ಮ ಕಣ್ಣಿಗೆ ಕಾಣಬೇಕು. ಆ ಮೂಲೆಗೆ ಶಿಕ್ಷೆಯೆಂದು ಎಂದೂ ಕಳುಹಿಸಬಾರದು, ಅಲ್ಲಿಂದ ಬಲವಂತವಾಗಿ ಎಳೆಯಲೂಬಾರದು.

ಸದ್ದು ತಗ್ಗಿಸುವ, ತಲೆಯ ಮೇಲಿಂದ ಹಾಕುವ ಮಕ್ಕಳ ಕಿವಿಗವಚಗಳು ದೊರೆಯುತ್ತವೆ. ಬಿರುಮಳೆ, ಜನರೇಟರ್, ಕಾಫಿ ಪಲ್ಪರ್ ಓಡುವ ಹೊತ್ತು, ಆನೆ ಓಡಿಸಲು ಪಟಾಕಿ ಹೊಡೆಯುವ ರಾತ್ರಿ ಇಂಥ ಸಮಯದಲ್ಲಿ ಅವು ವರದಾನವೇ ಸರಿ. ಆದರೆ ಬೆಳಗಿನಿಂದ ಸಂಜೆಯವರೆಗೆ ಹಾಕಿಸಿದರೆ ಸಾಮಾನ್ಯ ಸದ್ದೂ ಅಸಹನೀಯವಾಗುತ್ತಾ ಹೋಗಬಹುದು, ಮಾತು ಕಲಿಯಬೇಕಾದ ಕಿವಿಗೆ ಮಾತೂ ಬೀಳುವುದಿಲ್ಲ. ಕಿವಿಗೆ ಹತ್ತಿ ತುರುಕುವುದು ಬೇಡ. ಅದು ಸದ್ದನ್ನು ಹೆಚ್ಚೇನೂ ತಡೆಯುವುದಿಲ್ಲ, ಒಳಗೆ ಉಳಿದುಬಿಡುವ ಅಪಾಯ ಬೇರೆ.

ಮಿಕ್ಸಿಯಂಥ ನಮ್ಮ ಹಿಡಿತದಲ್ಲಿರುವ ಸದ್ದುಗಳಿಗೆ ಬೇರೆ ದಾರಿಯಿದೆ. ಹಾಕುವ ಮೊದಲು ಹೇಳಿ, ಮಗುವಿಗೆ ದೂರ ಹೋಗಲು ಸಮಯ ಕೊಡಿ. ಕೆಲವು ದಿನಗಳ ನಂತರ ಅದರ ಕೈಯಿಂದಲೇ ಗುಂಡಿ ಒತ್ತಿಸಿ. ಸದ್ದು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ತನ್ನ ಕೈಯಲ್ಲಿದೆಯೆಂದು ತಿಳಿದಾಗ ಎಷ್ಟೋ ಮಕ್ಕಳ ಭಯ ಅರ್ಧಕ್ಕಿಳಿಯುತ್ತದೆ. ರೂಢಿಯಾಗಲಿ ಎಂದು ಹಿಡಿದು ಕೂರಿಸಿ ಕೇಳಿಸುವ ಕ್ರಮವನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಗಂಬೂಟು, ಸಾಕ್ಸ್, ಸ್ವೆಟರ್

ಮಳೆಗಾಲದ ಬೆಳಗಿನ ಜಗಳಗಳಲ್ಲಿ ದೊಡ್ಡ ಪಾಲು ಬಟ್ಟೆಗೆ ಸಂಬಂಧಿಸಿದ್ದು. ಒಣಗದೆ ತಂಪು ಹಿಡಿದ ಯೂನಿಫಾರ್ಮ್, ಕುತ್ತಿಗೆಗೆ ಚುಚ್ಚುವ ಉಣ್ಣೆಯ ಸ್ವೆಟರ್, ಚರಪರ ಸದ್ದು ಮಾಡುವ ರೈನ್‌ಕೋಟ್, ಒಳಗೆ ಹಾಸು ಸರಿದಿರುವ ಗಂಬೂಟು, ಹೀಗೆ ಎಲ್ಲವೂ ಒಂದೇ ಹದಿನೈದು ನಿಮಿಷದಲ್ಲಿ ಮಗುವಿನ ಮೈಗೆ ಬೀಳುತ್ತವೆ. ಕೈಯನ್ನು ಗಂಬೂಟಿನೊಳಗೆ ಹಾಕಿ ನೋಡಿ: ಹೆಬ್ಬೆರಳು ನಿಲ್ಲುವ ಕಡೆ ಸಾಕ್ಸ್‌ನ ಹೊಲಿಗೆಯ ಗಂಟು ಒತ್ತುತ್ತದೆ, ಮೀನಖಂಡದ ಹತ್ತಿರ ರಬ್ಬರಿನ ಅಂಚು ಬರಿಯ ಚರ್ಮಕ್ಕೆ ಅಂಟಿ ಪ್ರತಿ ಹೆಜ್ಜೆಗೂ ಕಿತ್ತು ಬರುತ್ತದೆ. ಸಾಕ್ಸನ್ನು ಒಳಹೊರಗು ಮಾಡಿ ಹೊಲಿಗೆ ಹೊರಗೆ ಬರುವಂತೆ ತೊಡಿಸಿ, ಬೂಟಿನ ಅಂಚಿಗಿಂತ ಎತ್ತರಕ್ಕೆ ಎಳೆದರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತದೆ. ಸ್ವೆಟರಿನ ಒಳಗೆ ತುಂಬುತೋಳಿನ ಹಳೆಯ ಹತ್ತಿಯ ಬನಿಯನ್ ಇರಲಿ. ಅಂಗಿಯ ಹಿಂದಿನ ಲೇಬಲ್ಲನ್ನು ಕತ್ತರಿಸಿದರೆ ಉಳಿದ ತುದಿ ಇನ್ನೂ ಹೆಚ್ಚು ಚುಚ್ಚುತ್ತದೆ, ಹೊಲಿಗೆ ಬಿಚ್ಚಿ ತೆಗೆಯಿರಿ. ರೈನ್‌ಕೋಟ್ ಆಗದ ಮಗುವಿಗೆ ಕೊಡೆ ಸಾಕು, ಸ್ವಲ್ಪ ನೆನೆದರೆ ನೆನೆಯಲಿ, ಬದಲಿಸಲು ಒಣಬಟ್ಟೆ ಚೀಲದಲ್ಲಿರಲಿ.

ಇಂಥ ಮಕ್ಕಳಿಗೆ ಮೆಲ್ಲಗೆ ಸವರುವ ಸ್ಪರ್ಶವೇ ಹೆಚ್ಚಾಗಿ ಕಷ್ಟ, ಅಂಗೈಯಿಂದ ಗಟ್ಟಿಯಾಗಿ, ಒಂದೇ ಸಮನೆ ಒತ್ತುವ ಸ್ಪರ್ಶ ಹಿತ. ತಲೆ ಬಾಚುವ, ಕೂದಲು ಅಥವಾ ಉಗುರು ಕತ್ತರಿಸುವ ಮೊದಲು ಭುಜ, ತೋಳುಗಳನ್ನು ಹೀಗೆ ಒತ್ತಿಕೊಡಿ. ಎಣ್ಣೆ ಹಚ್ಚುವಾಗ ಅಜ್ಜಿಯಂದಿರ ಗಟ್ಟಿ ಕೈ ಇದಕ್ಕೆ ಬಹಳ ಸರಿಯಾಗಿ ಹೊಂದುತ್ತದೆ, ಮಗು ಒಪ್ಪಿದರೆ. ನೋವು, ಬಿಸಿ ಗೊತ್ತಾಗದ ಮಗುವಿದ್ದರೆ ಎಚ್ಚರಿಕೆ ಬೇರೆ ಬಗೆಯದು: ಹಂಡೆಯ ನೀರನ್ನು ಬೆರೆಸಿ ನಿಮ್ಮ ಮೊಣಕೈಯಿಂದ ಪರೀಕ್ಷಿಸಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹಾಕಿದ ಬೆಂಕಿಯ ಬಳಿ ಒಂಟಿಯಾಗಿ ಬಿಡಬೇಡಿ, ಸಂಜೆ ಸ್ನಾನದ ಹೊತ್ತಿಗೆ ಮೈಯೆಲ್ಲ ಒಮ್ಮೆ ನೋಡಿ. ಎಲ್ಲವನ್ನೂ ಬಾಯಿಗೆ, ಮೂಗಿಗೆ ಹಾಕುವ ಮಗುವಿರುವ ಮನೆಯಲ್ಲಿ ಕಾಳುಮೆಣಸು, ಕಾಫಿ ಬೀಜ ಹರಡಿದ ಕಡೆ ದೊಡ್ಡವರೊಬ್ಬರು ಇರಲೇಬೇಕು.

ಮೈಗೆ ಕೆಲಸ, ತೂಗುವ ಜೋಲಿ, ತಿರುವಿನ ರಸ್ತೆ

ಸ್ನಾಯುಗಳಿಗೆ ಬಲ ಬೀಳುವ ಕೆಲಸ ಕೆರಳಿದ ಮಗುವನ್ನೂ ತಣಿಸುತ್ತದೆ, ಮಂಕಾದ ಮಗುವನ್ನೂ ಎಚ್ಚರಿಸುತ್ತದೆ ಎಂಬುದು ಆಕ್ಯುಪೇಷನಲ್ ಥೆರಪಿಸ್ಟರು ಸಾಮಾನ್ಯವಾಗಿ ಹೇಳುವ ಮಾತು, ಮನೆಗಳಲ್ಲೂ ಇದು ಚೆನ್ನಾಗಿ ಕೂಡಿಬರುತ್ತದೆ. ತೋಟದ ಮನೆಯಲ್ಲಿ ಅದಕ್ಕೆ ಬರವಿಲ್ಲ. ಒಂದು ಕಿಲೋ ಅಕ್ಕಿಯ ಚೀಲವನ್ನು ಉಗ್ರಾಣದಿಂದ ಅಡುಗೆಮನೆಗೆ ತರುವುದು, ತೆಂಗಿನಕಾಯಿಗಳನ್ನು ಬುಟ್ಟಿಗೆ ತುಂಬುವುದು, ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ದೊಡ್ಡವರೊಂದಿಗೆ ಎಳೆಯುವುದು, ರೊಟ್ಟಿಯ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು. ಅಂಗನವಾಡಿಗೆ ಹೊರಡುವ ಮೊದಲು ಹತ್ತು ನಿಮಿಷ ಇಂಥ ಕೆಲಸ ಮಾಡಿಸಿದರೆ, ನಂತರದ ಬಟ್ಟೆ ತೊಡಿಸುವ ಹೊತ್ತು ಹಗುರಾಗುತ್ತದೆ.

ಸೀರೆಯ ಜೋಲಿಯನ್ನು ಹಿಂದೆ ಮುಂದೆ ನಿಧಾನವಾಗಿ ತೂಗುವುದು ಶಮನ ಕೊಡುತ್ತದೆ. ಗಿರಗಿರನೆ ಸುತ್ತಿಸುವುದು ಕೆರಳಿಸುತ್ತದೆ, ಅದರ ಪರಿಣಾಮ ಗಂಟೆಗಟ್ಟಲೆ ಉಳಿಯಬಹುದು. ಮಗು ಬಿಳಿಚಿದರೆ, ಬೆವರಿದರೆ, ಆಕಳಿಸತೊಡಗಿದರೆ ಕೂಡಲೇ ನಿಲ್ಲಿಸಿ. ತಿರುವುಗಳನ್ನು ಸಹಿಸದ ಮಗುವಿಗೆ ಕುಶಾಲನಗರದಿಂದ ಮಡಿಕೇರಿಗೆ ಹತ್ತುವುದೂ ಸಂಪಾಜೆ ಘಾಟಿ ಇಳಿಯುವುದೂ ದೊಡ್ಡ ಪರೀಕ್ಷೆಯೇ. ಹೊರಡುವ ಮೊದಲು ಲಘು ಆಹಾರ ಕೊಡಿ, ಖಾಲಿ ಹೊಟ್ಟೆಯೂ ಬೇಡ. ಮೊಬೈಲ್ ಕೈಗೆ ಕೊಡಬೇಡಿ, ದೂರದ ಬೆಟ್ಟವನ್ನೋ ಮುಂದಿನ ರಸ್ತೆಯನ್ನೋ ನೋಡುವಂತೆ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ಕಾರಿನಲ್ಲಿ ಸುಗಂಧದ ಡಬ್ಬಿ ಇದ್ದರೆ ತೆಗೆದುಹಾಕಿ.

ತಟ್ಟೆಯ ಮುಂದೆ

ತುಂಬ ಆಯ್ದು ತಿನ್ನುವ ಮಗು ರುಚಿಗಿಂತ ಹೆಚ್ಚಾಗಿ ಅಂಟು, ಗರಿ, ವಾಸನೆಗಳನ್ನು ಲೆಕ್ಕ ಹಾಕುತ್ತಿರುತ್ತದೆ. ಶಾವಿಗೆಯಂಥ ನೂಪುಟ್ಟು ತಿನ್ನುವ ಮಗು ಅದೇ ಅಕ್ಕಿಯ ಉಂಡೆಯಾದ ಕಡಂಬುಟ್ಟನ್ನು ಮುಟ್ಟದಿರುವುದು ಹೀಗೆ. ತಿನ್ನುತ್ತಿರುವ ತಿಂಡಿಯಿಂದ ಒಂದೇ ಗುಣವನ್ನು ಬದಲಿಸುತ್ತಾ ಹೋಗಿ: ಗರಿಯಾದ ಅಕ್ಕಿರೊಟ್ಟಿ ತಿನ್ನುವುದಾದರೆ ಮೊದಲು ತುಸು ಮೆತ್ತನೆಯ ರೊಟ್ಟಿ, ಆಮೇಲೆ ಅದರೊಳಗೆ ಬೇಯಿಸಿದ ಕ್ಯಾರೆಟ್ಟಿನ ತುರಿ. ಹೊಸ ಪದಾರ್ಥ ತಟ್ಟೆಯ ಅಂಚಿನಲ್ಲಿ ಪ್ರತ್ಯೇಕವಾಗಿರಲಿ; ನೋಡುವುದು, ಮೂಸುವುದು, ಮುಟ್ಟುವುದು ಇವೂ ಮುನ್ನಡೆಯೇ. ಗೊತ್ತಿಲ್ಲದಂತೆ ಬೆರೆಸಿ ತಿನ್ನಿಸಿದರೆ ಒಮ್ಮೆ ಗೆಲ್ಲಬಹುದು, ಆಮೇಲೆ ಇದ್ದ ಒಂದು ತಿಂಡಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಕಣಿಲೆಯೋ ಒಣಮೀನೋ ಬೇಯುವ ಹೊತ್ತಿನಲ್ಲಿ ಮಗುವಿನ ಊಟವನ್ನು ಬೇರೆ ಕೋಣೆಗೆ ಬದಲಿಸಿ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ.

ಪುತ್ತರಿ, ದಸರಾ, ಮದುವೆ

ಹಬ್ಬದ ದಿನಾಂಕ ಮೊದಲೇ ಗೊತ್ತಿರುವುದು ನಮಗೆ ಅನುಕೂಲ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವ ಮುಹೂರ್ತಕ್ಕೆ ಗುಂಡು ಹಾರುತ್ತದೆ, ಪಟಾಕಿ ಸಿಡಿಯುತ್ತದೆ, ಮದುವೆಯಲ್ಲಿ ವಾಲಗ, ಮಡಿಕೇರಿ ದಸರಾದ ದಶಮಂಟಪಗಳಲ್ಲಿ ರಾತ್ರಿಯಿಡೀ ಧ್ವನಿವರ್ಧಕ ಮತ್ತು ಮಿನುಗುವ ದೀಪ. ಒಂದು ವಾರ ಮೊದಲಿನಿಂದಲೇ ಹಿಂದಿನ ವರ್ಷದ ಫೋಟೊಗಳನ್ನು ತೋರಿಸಿ, ಹಬ್ಬದ ಸದ್ದನ್ನು ಮೊಬೈಲಿನಲ್ಲಿ ಅತಿ ಸಣ್ಣದಾಗಿ, ಮಗು ಒಪ್ಪಿದಷ್ಟು ಹೊತ್ತು ಕೇಳಿಸಿ. ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋಗುವುದಾದರೆ ಹಿರಿಯರಿಗೆ ಮೊದಲೇ ಫೋನ್ ಮಾಡಿ, ಮಗುವಿಗೊಂದು ಒಳಕೋಣೆ ಬೇಕೆಂದೂ, ಬಂದ ಕೂಡಲೇ ಎಲ್ಲರೂ ಎತ್ತಿ ಮುದ್ದಿಸಬಾರದೆಂದೂ ತಿಳಿಸಿ. ಗುಂಡು ಹಾರಿಸುವವರು ಯಾರೆಂದು ಕೇಳಿಟ್ಟುಕೊಂಡು, ಅವರಿಂದ ಐದು ನಿಮಿಷ ಮೊದಲು ಸನ್ನೆ ಬರುವಂತೆ ಮಾತಾಡಿಕೊಂಡರೆ ಕಿವಿಗವಚ ಹಾಕಿ ಒಳಗೆ ಸೇರಲು ಸಮಯ ಸಿಗುತ್ತದೆ. ಗುಂಡಿನ ಸದ್ದಿಗೆ ಬೆದರಿದ ಮಗು ಎತ್ತಲೆಂದಿಲ್ಲದೆ ಓಡಬಹುದು. ತೋಟದ ಕೆರೆ, ಗದ್ದೆಯ ಹೊಂಡ, ತೋಡು ಹತ್ತಿರದಲ್ಲಿರುವ ಮನೆಗಳಲ್ಲಿ ಆ ರಾತ್ರಿ ಮಗುವಿನ ಹೊಣೆ ಇಂಥವರದೆಂದು ಒಬ್ಬರ ಹೆಸರು ಹಿಡಿದು ವಹಿಸಿ, ಬಾಗಿಲ ಚಿಲಕ ಮಗುವಿಗೆ ಎಟುಕದ ಎತ್ತರದಲ್ಲಿರಲಿ. ಎಲ್ಲರೂ ನೋಡಿಕೊಳ್ಳುತ್ತಾರೆಂದು ಬಿಟ್ಟ ಮಗುವನ್ನು ಯಾರೂ ನೋಡಿಕೊಂಡಿರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಮಗು ಕೈಮೀರಿ ಕೆರಳುತ್ತದೆ. ಆಗ ಮಾತು ಕಡಿಮೆ ಮಾಡಿ, ದೀಪ ಆರಿಸಿ, ನೋಡುತ್ತಾ ನಿಂತವರನ್ನು ಕಳುಹಿಸಿ, ತಲೆಗೆ ಪೆಟ್ಟಾಗದಂತೆ ದಿಂಬು ಇಟ್ಟು ಹತ್ತಿರದಲ್ಲಿ ಕುಳಿತಿರಿ. ಬೈಗುಳ, ಬುದ್ಧಿವಾದ, ಮಿಠಾಯಿಯ ಆಸೆ ಯಾವುದೂ ಆ ಹೊತ್ತಿನಲ್ಲಿ ಒಳಗೆ ಹೋಗುವುದಿಲ್ಲ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಬೆಳವಣಿಗೆಯ ತೊಂದರೆಗಳೂ ಅದರ ವ್ಯಾಪ್ತಿಯಲ್ಲಿವೆ. ಅವರು ಬರುವ ದಿನವನ್ನು ಟೀಚರಲ್ಲಿ ಕೇಳಿಟ್ಟುಕೊಳ್ಳಿ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯ ಮಕ್ಕಳ ವಿಭಾಗ ಮೊದಲ ಮೆಟ್ಟಿಲು. ಶ್ರವಣ, ಮಾತು ಮತ್ತು ಆಟಿಸಂ ಸಂಬಂಧದ ವಿವರವಾದ ತಪಾಸಣೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯ ಎರಡೂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿರುವುದರಿಂದ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿಗೆ) ಅರ್ಜಿ ಹಾಕಬಹುದು. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಡಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇವೆರಡಕ್ಕೆ ಇದೆ.

ಥೆರಪಿಯ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ ಆಟಿಸಂ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಂವೇದನಾ ಸಮನ್ವಯ ಚಿಕಿತ್ಸೆಯು (ಏರ್ಸ್ ಅವರ ಚೌಕಟ್ಟಿನಿಂದ ಬಂದ, ಸ್ಪರ್ಶ, ಚಲನೆಗಳ ಆಟಗಳ ಮೂಲಕ ಕೊಡುವ ಥೆರಪಿ) ಮಕ್ಕಳ ವರ್ತನೆಯ ಮೇಲೆ ಸಾಮಾನ್ಯ ಆರೈಕೆಗಿಂತ ಗಮನಾರ್ಹವಾಗಿ ಹೆಚ್ಚಿನ ಫಲ ಕೊಡಲಿಲ್ಲ. ಮೈಮೇಲೆ ಒತ್ತಡ ಬೀಳುವಂತೆ ತೂಕ ತುಂಬಿದ ಭಾರದ ಹೊದಿಕೆಯಿಂದ ಇಂಥ ಮಕ್ಕಳ ನಿದ್ದೆಯ ಅವಧಿ ಹೆಚ್ಚಲಿಲ್ಲವೆಂದು 2014ರ ಅಧ್ಯಯನವೊಂದು ಕಂಡುಕೊಂಡಿತು. ಪುಟ್ಟ ಮಕ್ಕಳಿಗೆ ಅದು ಉಸಿರು ಕಟ್ಟಿಸುವ ಅಪಾಯವೂ ಇದೆ. ಹಾಗೆಂದು ಥೆರಪಿಸ್ಟರೇ ಬೇಡವೆಂದಲ್ಲ. ಯಾವ ದೈನಂದಿನ ಕೆಲಸ ಸುಧಾರಿಸಬೇಕೆಂಬ ಗುರಿಯನ್ನು ಮೊದಲೇ ನಿಗದಿಪಡಿಸಿ, ಎಂಟು ಹತ್ತು ವಾರಗಳಲ್ಲಿ ಅದನ್ನು ಅಳೆದು ನೋಡುವವರನ್ನು, ಮನೆಯಲ್ಲಿ ಮಾಡುವುದನ್ನು ನಿಮಗೆ ಕಲಿಸಿಕೊಡುವವರನ್ನು ಆರಿಸಿಕೊಳ್ಳಿ. ಗುಣಪಡಿಸುತ್ತೇವೆಂದು ಮಾತು ಕೊಟ್ಟು ವರ್ಷದ ಹಣವನ್ನು ಮುಂಗಡವಾಗಿ ಕೇಳುವ ಕಡೆಯಿಂದ ಎದ್ದು ಬನ್ನಿ.

ತಪಾಸಣೆಗೆ ಹೋಗುವಾಗ ಕ್ಯಾಲೆಂಡರಿನ ಪಕ್ಕದ ಹಾಳೆಗಳನ್ನೂ, ಮಗು ಕೆರಳಿದಾಗ ಮತ್ತು ಶಾಂತವಾಗಿ ಆಡುವಾಗ ತೆಗೆದ ಒಂದೆರಡು ಸಣ್ಣ ವಿಡಿಯೊಗಳನ್ನೂ ಒಯ್ಯಿರಿ. ಹೊಸ ಕೋಣೆಯಲ್ಲಿ ಅರ್ಧ ಗಂಟೆ ಮಗುವನ್ನು ನೋಡುವ ವೈದ್ಯರಿಗೆ ಮನೆಯ ಜಗಲಿಯಲ್ಲಿ ನಡೆಯುವುದು ಬೇರೆ ದಾರಿಯಿಂದ ತಿಳಿಯುವುದಿಲ್ಲ. ಆ ಹಾಳೆಗಳ ಸಾರವನ್ನು, ಯಾವುದು ಕೆರಳಿಸುತ್ತದೆ, ಯಾವುದು ತಣಿಸುತ್ತದೆ ಎಂದು ಅರ್ಧ ಪುಟಕ್ಕೆ ಇಳಿಸಿ ಅಂಗನವಾಡಿ ಟೀಚರಿಗೂ ಕೊಟ್ಟು, ಬಾಗಿಲಿನಿಂದಲೂ ಅಡುಗೆಯ ಒಲೆಯಿಂದಲೂ ದೂರದ ಒಂದು ಜಾಗದಲ್ಲಿ ದಿನವೂ ಅದೇ ಚಾಪೆಯ ಮೇಲೆ ಮಗುವನ್ನು ಕೂರಿಸುವಂತೆ ಕೇಳಿಕೊಳ್ಳಿ.